ಪಾಕದ ಮುಂದೆ ಭರಮಮ್ಮ

ನೆಂಟರನ್ನು ಹೊತ್ತ ಕೊನೆಯ ಬಸ್ಸು ನಿನ್ನೆ ಸಂಜೆಯೇ ಹೋಗಿದೆ. ಹನ್ನೊಂದನೆಯ ದಿನದ ಅಡುಗೆಗೆಂದು ತಂದಿದ್ದ ಬಾಡಿಗೆ ಪಾತ್ರೆಗಳೂ ಹೋಗಿವೆ. ಶಾಮಿಯಾನ ಬಿಚ್ಚಿದ ಅಂಗಳದಲ್ಲಿ ಗೂಟ ಕಿತ್ತ ನಾಲ್ಕು ಗುಳಿಗಳು ಉಳಿದಿವೆ, ಅಷ್ಟೆ. ಬೆಳಗಿನ ಜಾವ ಐದು ಗಂಟೆ. ಕಮಲಾಪುರದ ಈ ಓಣಿಯಲ್ಲಿ ಹಾಲಿನ ಕ್ಯಾನುಗಳ ಸದ್ದು ಆಗಲೇ ಶುರುವಾಗಿದೆ. ಭರಮಮ್ಮ ಎದ್ದು ಬಾಗಿಲಿಗೆ ನೀರು ಹಾಕುತ್ತಾರೆ. ಅಭ್ಯಾಸಬಲದಿಂದ ಮೂರು ಲೋಟ ಚಹಾ ಸೋಸಿ, ಒಂದನ್ನು ತಿರುಗಿ ಪಾತ್ರೆಗೆ ಸುರಿಯುತ್ತಾರೆ. ಆಮೇಲೆ ಅಟ್ಟಕ್ಕೆ ಏಣಿ ಹಚ್ಚುತ್ತಾರೆ.

ಅಟ್ಟದಿಂದ ಇಳಿದು ಬರುವುದು ಮೂರು ಗೋಣಿಚೀಲ. ಒಳಗೆ ಸಾಗವಾನಿ ಮರದ ಅಚ್ಚುಗಳು. ಆನೆ, ಕುದುರೆ, ಒಂಟೆ, ನವಿಲು, ಗೋಪುರ. ಒಂದೊಂದು ಅಚ್ಚಿಗೂ ಎರಡು ಹೋಳು, ಕೆಲವಕ್ಕೆ ಮೂರು. ಇವರ ಮಾವನ ತಂದೆಯ ಕಾಲದಿಂದ ಬಂದವು. ಹಿತ್ತಲಲ್ಲಿ ಎರಡು ಡ್ರಮ್ಮಿನ ತುಂಬ ನೀರಿದೆ. ಚೀಲ ಬಿಚ್ಚಿ ಭರಮಮ್ಮ ಅಚ್ಚುಗಳನ್ನು ಒಂದೊಂದಾಗಿ ನೀರಿಗೆ ಬಿಡುತ್ತಾರೆ. ಗೌರಿ ಹುಣ್ಣಿಮೆಗೆ ಇನ್ನು ಒಂಬತ್ತು ದಿನ.

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಮನೆಗಳಿಗೆ ದೀಪಾವಳಿ ಕಳೆದ ಮೇಲೆ ಬರುವ ಈ ಹುಣ್ಣಿಮೆ ಎಂದರೆ ಸಕ್ಕರೆ ಆರತಿ. ಸಕ್ಕರೆಯ ಪಾಕ ಕಾಯಿಸಿ ಅಚ್ಚಿನಲ್ಲಿ ಎರೆದ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು, ನಡುವೆ ದೀಪ ಹಚ್ಚಿ, ಹೆಣ್ಣುಮಕ್ಕಳು ಗೌರಿಗೆ ಬೆಳಗುತ್ತಾರೆ. ಐದು, ಒಂಬತ್ತು ಇಲ್ಲವೇ ಹನ್ನೊಂದು ಗೊಂಬೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆಯ ಜೊತೆ ಸಕ್ಕರೆ ಆರತಿ ಹೋಗಲೇಬೇಕು. ಊರೂರಿನ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಪಡಸಾಲೆ ತುಂಬುತ್ತದೆ. ಬೆಳಗಿದ ಸಕ್ಕರೆ ಮರುದಿನ ಗೋದಿ ಹುಗ್ಗಿಗೆ ಬೀಳುತ್ತದೆ. ಉಳಿದದ್ದು ತಿಂಗಳುಗಟ್ಟಲೆ ಹಾಲಿಗೆ, ಚಹಾಕ್ಕೆ. ಆನೆಯ ಕಾಲು ಮುರಿದು ಬಾಯಿಗೆ ಹಾಕಿಕೊಳ್ಳದೆ ಬೆಳೆದ ಮಕ್ಕಳು ಈ ಸೀಮೆಯಲ್ಲಿ ಕಡಿಮೆ. ಆ ಆನೆಯನ್ನು ಎರೆದವರು ಯಾರೆಂದು ಕೇಳಿದವರು ಇನ್ನೂ ಕಡಿಮೆ.

ಭರಮಮ್ಮನವರಿಗೆ ಈಗ ಮೂವತ್ತೆಂಟು. ಹುಟ್ಟಿದ್ದು ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ. ಅಪ್ಪ ಗಣಿಯ ಕೂಲಿ, ಅವ್ವ ಹೊಲದ ಕೂಲಿ. ಹೋಳಿಗೆ ತಟ್ಟುವುದನ್ನು ಹತ್ತನೆಯ ವಯಸ್ಸಿಗೇ ಕಲಿತವರು. ಹತ್ತೊಂಬತ್ತು ವರ್ಷದ ಹಿಂದೆ ಕಮಲಾಪುರದ ಯಲ್ಲೇಶ್ ಅವರನ್ನು ಮದುವೆಯಾಗಿ ಈ ಮನೆಗೆ ಬಂದಾಗ ಅಡುಗೆಮನೆಯ ಕೆಲಸ ಎರಡು ಪಾಲಾಗಿತ್ತು. ನವರಾತ್ರಿಯಿಂದ ಹಿಡಿದು ಶೀಗಿ ಹುಣ್ಣಿಮೆ, ದೀಪಾವಳಿಯವರೆಗೆ ಮನೆಮನೆಯ ಕೂಟಗಳಿಗೆ ಬೇಕಾದ ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕರ್ಚಿಕಾಯಿ ಎಲ್ಲ ಹೆಂಗಸರದು. ಹೊಲದ ಪೂಜೆಗೆ ಬುತ್ತಿ ಒಯ್ಯುವ ಶೀಗಿ ಹುಣ್ಣಿಮೆಯ ಹಿಂದಿನ ದಿನವೊಂದರಲ್ಲೇ ಆರುನೂರು ಹೋಳಿಗೆ ಬೇಯುತ್ತದೆ. ಆದರೆ ಸಕ್ಕರೆಯ ಪಾಕ ಗಂಡಸರದು. ಮೊದಲು ಮಾವ ಕಾಯಿಸುತ್ತಿದ್ದರಂತೆ, ಅವರು ಹೋದ ಮೇಲೆ ಗಂಡ. ಅಚ್ಚು ಕಟ್ಟುವುದು, ಬಿಚ್ಚುವುದು, ಗೊಂಬೆಯ ಅಂಚಿನಲ್ಲಿ ಉಬ್ಬಿದ ಸಕ್ಕರೆಯನ್ನು ಚಾಕುವಿನಿಂದ ಹೆರೆಯುವುದು ಮಾತ್ರ ಹೆಂಗಸರಿಗೆ.

ದೀಪಾವಳಿ ಅಮಾವಾಸ್ಯೆಗೆ ಐದು ದಿನ ಇರುವಾಗ ಯಲ್ಲೇಶ್ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತರು. ಏಳಲಿಲ್ಲ. ನಲವತ್ಮೂರು ವರ್ಷ.

ಬಾಗಿಲ ಹಿಂದೆ ಅವರು ಸುಣ್ಣದ ಕಡ್ಡಿಯಲ್ಲಿ ಬರೆದಿಟ್ಟ ನಲವತ್ಮೂರು ಮನೆಗಳ ಹೆಸರು ಹಾಗೇ ಇದೆ. ಈ ವರ್ಷದ ಆರತಿ ಕೇಳಿದ್ದ ಮನೆಗಳು. ಭಾವಂದಿರು ಹೋಗುವ ಮುನ್ನ ಅದನ್ನು ಒರೆಸಲು ಹೋಗಿದ್ದರು. "ಇರ್ಲಿ ಬಿಡ್ರಿ" ಎಂದಿದ್ದರು ಭರಮಮ್ಮ. ಹನ್ನೊಂದು ದಿನದಲ್ಲಿ ಅವರು ಆಡಿದ ಕೆಲವೇ ಮಾತುಗಳಲ್ಲಿ ಅದೂ ಒಂದು. ಅಳಲಿಲ್ಲ ಎಂದು ಓಣಿಯವರು ಮಾತಾಡಿಕೊಂಡರು. ಅದನ್ನೂ ಕೇಳಿಸಿಕೊಂಡರು.

"ನಲವತ್ಮೂರು ಮನಿಗೆ ಮಾತು ಕೊಟ್ಟು ಹೋಗ್ಯಾರ್ರಿ. ನಾ ಹೋಳಿಗಿ ಮಾಡ್ಕೊಂತ ಇದ್ರ ಹೊಟ್ಟಿ ತುಂಬತೈತಿ, ಅದು ಬ್ಯಾರೆ. ಆದ್ರ ಒಂದು ವರ್ಷ ಈ ಮನ್ಯಾಗ ಪಾಕ ಕಾಯಲಿಲ್ಲಂದ್ರ, ಬರೋ ವರ್ಷ ಯಾರೂ ಕೇಳಂಗಿಲ್ಲ. ಅಚ್ಚು ಅಟ್ಟದಾಗ ಹುಳ ಹಿಡೀತಾವ" ಎನ್ನುತ್ತಾರೆ ಅವರು. ಪಾಕ ಬರುತ್ತದೆಯೇ ಎಂದರೆ ಹೇಳುತ್ತಾರೆ: "ಹತ್ತೊಂಬತ್ತು ವರ್ಷ ಮಗ್ಗಲಿಗೆ ಕುಂತೀನ್ರಿ. ಕೈ ಹಚ್ಚಿಲ್ಲ, ಕಿವಿ ಹಚ್ಚೀನಿ. ಕುದಿಯೋ ಸಪ್ಪಳ ದಪ್ಪ ಆಗಬೇಕು. ಅದು ನಂಗ ಗೊತ್ತು."

ಮರುದಿನ ನಸುಕಿನಲ್ಲಿ ಒಲೆ ಹೊತ್ತುತ್ತದೆ. ಸಕ್ಕರೆಗೆ ನೀರು ಹಾಕಿ ಕುದಿಸಿ, ಮೇಲೆ ಹಾಲು ಹುಯ್ದರೆ ಕೊಳೆಯೆಲ್ಲ ನೊರೆಯಾಗಿ ಬರುತ್ತದೆ. ಅದನ್ನು ತೆಗೆದು, ಪಂಚೆಯ ಬಟ್ಟೆಯಲ್ಲಿ ಸೋಸಿ, ಒಂದೊಂದು ಕಿಲೋದಷ್ಟನ್ನು ಸಣ್ಣ ಬಾಣಲೆಯಲ್ಲಿ ಮತ್ತೆ ಕಾಯಿಸಬೇಕು. ಹದಕ್ಕೆ ಬಂದ ಪಾಕವನ್ನು ಇಳಿಸಿ ಮರದ ಸೌಟಿನಿಂದ ಬಾಣಲೆಯ ಪಕ್ಕಕ್ಕೆ ತಿಕ್ಕುತ್ತ ಹೋದರೆ ನೀರಿನಂತಿದ್ದದ್ದು ಹಾಲಿನಂತೆ ಬೆಳ್ಳಗಾಗುತ್ತದೆ. ಆ ಗಳಿಗೆಯಲ್ಲೇ ಅಚ್ಚಿಗೆ ಎರೆಯಬೇಕು. ಒಂದು ಉಸಿರು ತಡವಾದರೆ ಬಾಣಲೆಯಲ್ಲೇ ಕಲ್ಲು.

ಭರಮಮ್ಮನವರ ಪಾಕ ಬೆಳ್ಳಗಾಯಿತು. ಎರೆದರು, ಕಾದರು, ಅಚ್ಚು ಬಿಚ್ಚಿದರು. ಸೊಂಡಿಲು ಒಂದು ಹೋಳಿನಲ್ಲಿ, ಆನೆ ಇನ್ನೊಂದು ಹೋಳಿನಲ್ಲಿ. ಎರಡನೆಯದೂ ಹಾಗೇ. ಕುದುರೆಗೆ ಕಾಲಿಲ್ಲ, ನವಿಲಿಗೆ ಕತ್ತಿಲ್ಲ. ಮೂರು ಬಾಣಲೆ ಪಾಕ ಮುಗಿಯುವ ಹೊತ್ತಿಗೆ ಮೊರದಲ್ಲಿ ಇಪ್ಪತ್ತನಾಲ್ಕು ಗೊಂಬೆ, ಒಂದೂ ಇಡಿಯಾಗಿಲ್ಲ. ಮುಕ್ಕಾದ ಗೊಂಬೆಯನ್ನು ಗೌರಿಗೆ ಬೆಳಗುವಂತಿಲ್ಲ.

ಮೊರ ಮುಂದಿಟ್ಟುಕೊಂಡು ಭರಮಮ್ಮ ಕೂತೇ ಇದ್ದರು. ಪಾಕವೇ ಕೆಟ್ಟಿತೋ ಎಂದು ನಾಲಿಗೆಗೆ ಹಚ್ಚಿ ನೋಡಿದರು. ಸೊಂಡಿಲೊಂದನ್ನು ಉಗುರಿನಿಂದ ಕೆರೆದು ನೋಡಿದರು. ಒಳಮನೆಯಿಂದ ಅತ್ತೆ ಹುಸೇನಮ್ಮ ಗೋಡೆ ಹಿಡಿದುಕೊಂಡು ಬಂದರು. ಎಪ್ಪತ್ತು ದಾಟಿದ ಜೀವ. ಮಗ ಹೋದ ದಿನದಿಂದ ಅವನ ಹೆಸರೆತ್ತಿಲ್ಲ, 'ಅವ್ನು' ಎನ್ನುತ್ತಾರೆ. ಬಿಚ್ಚಿದ ಅಚ್ಚನ್ನು ಕೈಗೆತ್ತಿಕೊಂಡು ಒಳಮೈಯನ್ನು ಕೆನ್ನೆಗೆ ಒತ್ತಿಕೊಂಡರು.

"ಲೇ ಭರಮಿ, ಇವನ್ನ ಎಂದು ನೆನೆ ಹಾಕಿದ್ದೀ?"

"ನಿನ್ನೆ ಮುಂಜಾನೆ, ಅತ್ತಿ."

"ಒಂದ ದಿನಕ್ಕ? ವರ್ಷಪೂರ್ತಿ ಅಟ್ಟದಾಗ ಒಣಗಿದ ಕಟಿಗಿ ಅದು. ಪಾಡ್ಯದ ದಿನ ನೀರಿಗೆ ಬಿದ್ರ ಚೌತಿ ಹೊತ್ತಿಗೆ ಹದ ಆಗತೈತಿ. ಇದಕ್ಕ ನೀರಡಿಸೇತಿ. ನಿನ್ನ ಪಾಕದ್ದು ನೀರು ಕುಡದೈತಿ."

ಪಾಡ್ಯದ ದಿನ ಮನೆಯಲ್ಲಿ ಸೂತಕ. ಗೌರಿಯ ಅಚ್ಚುಗಳನ್ನು ಮುಟ್ಟುವಂತಿರಲಿಲ್ಲ. ಪ್ರತಿವರ್ಷ ನೆನೆಹಾಕುತ್ತಿದ್ದವರು ಯಲ್ಲೇಶ್. ಎಷ್ಟು ದಿನ ಎಂದು ಭರಮಮ್ಮ ಎಂದೂ ಲೆಕ್ಕ ಹಿಡಿದವರಲ್ಲ. ದೀಪಾವಳಿಯ ಕರ್ಚಿಕಾಯಿ ಕರಿಯುವ ಗಡಿಬಿಡಿಯಲ್ಲಿ ಅತ್ತ ತಿರುಗಿ ನೋಡಿದವರೂ ಅಲ್ಲ. ಹತ್ತೊಂಬತ್ತು ವರ್ಷದಲ್ಲಿ ಕಿವಿಗೆ ಬೀಳದೇ ಹೋದ ಕೆಲಸ ಅದೊಂದೇ, ಏಕೆಂದರೆ ನೆನೆಯುವ ಮರ ಸಪ್ಪಳ ಮಾಡುವುದಿಲ್ಲ.

"ಎಲ್ಲಾ ಮುರದು ಹೋದ್ವು, ಅತ್ತಿ."

"ಮುರದದ್ದನ್ನ ಮತ್ತ ಕರಗಸು. ಸೂತಕ ನಮಗಿತ್ತು, ಸಕ್ರಿಗೆ ಎಲ್ಲಿಂದ ಬಂತು?"

ಇಪ್ಪತ್ತನಾಲ್ಕು ಗೊಂಬೆಗಳು ತಿರುಗಿ ನೀರಾದವು. ಅಚ್ಚುಗಳು ತಿರುಗಿ ಡ್ರಮ್ಮಿಗೆ ಬಿದ್ದವು. ಈ ಸಲ ಮೇಲೆ ಕಲ್ಲು ಹೇರಿ, ಮುಳುಗಿಸಿ, ಮೂರು ರಾತ್ರಿ.

ಆ ಮಧ್ಯಾಹ್ನವೇ ಹೊಸಪೇಟೆಯಿಂದ ಫೋನು. ಬಾಗಿಲ ಹಿಂದಿನ ಹೆಸರುಗಳಲ್ಲಿ ಮೊದಲನೆಯದು ಯಮುನಾಬಾಯಿ ಅವರದು. ಆಚಾರವಂತ ವೈಷ್ಣವರ ಮನೆ, ಮೂವತ್ತು ವರ್ಷದ ಗಿರಾಕಿ. ಮಗ ಅಚ್ಯುತನಿಗೆ ಈ ವರ್ಷ ಸಂಡೂರಿನ ಹುಡುಗಿ ಗೊತ್ತಾಗಿದ್ದಾಳೆ.

"ಭರಮಮ್ಮ, ಈ ವರ್ಷ ನಮ್ಮದು ಬ್ಯಾಡ ಬಿಡವಾ. ನಿನಗೂ ತ್ರಾಸು. ಬೀಗರ ಮನಿಗೆ ಮೊದಲನೇ ಆರತಿ ನೋಡು ಇದು. ಅವರ ಮನ್ಯಾಗ ಹಿರೇರು ಇದ್ದಾರ, ಏನಾರ ಅಂದಾರು..."

ಮುಂದಿನದನ್ನು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮುತ್ತೈದೆಯರ ಹಬ್ಬ, ಹೊಸ ಸೊಸೆಯ ತಟ್ಟೆ, ಗಂಡ ಸತ್ತು ಹದಿನೈದು ದಿನವೂ ಆಗದವಳ ಕೈ. ಭರಮಮ್ಮ "ಹೂನ್ರಿ" ಎಂದರು. ಸುಣ್ಣದ ಮೊದಲ ಸಾಲನ್ನು ಒರೆಸಲು ಸೆರಗನ್ನೂ ಎತ್ತಿದರು. ಸೆರಗು ಯಾವ ಹೆಸರಿನತ್ತ ಹೋಯಿತೆಂದು ನೋಡಿಯೇ ಹುಸೇನಮ್ಮ ಕೈ ಚಾಚಿದರು.

"ಫೋನ ಇಲ್ಲಿ ಕೊಡು."

ಆಮೇಲಿನ ಮಾತನ್ನು ಓಣಿಯ ಅರ್ಧ ಜನ ಕೇಳಿಸಿಕೊಂಡಿದ್ದಾರೆ. ಹುಸೇನಮ್ಮನವರಿಗೆ ಕಿವಿ ಮಂದ. ಫೋನಿನಲ್ಲಿ ಅವರು ಮಾತಾಡುವುದು ಹೊಸಪೇಟೆಗೆ ಕೂಗಿ ಹೇಳುವಂತೆಯೇ.

"ಯಮುನಾಬಾಯೇರೇನ್ರಿ? ನಾನ್ರೀ, ಹುಸೇನಮ್ಮ. ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹ್ವಾದ ವರ್ಷ ನಿಮ್ಮ ಮನಿಗೆ ಬಂದ ಆನಿ ಸೊಂಡಿಲ ಯಾರು ಹೆರದಿದ್ರು, ಗೊತ್ತೈತೇನ್ರಿ? ನಾನು. ಅದರ ಹಿಂದಿನ ವರ್ಷ? ಅದೂ ನಾನ. ನಮ್ಮ ಯಜಮಾನ್ರು ಹೋಗಿ ಇಪ್ಪತ್ತೆರಡು ವರ್ಷ ಆತು. ಇಪ್ಪತ್ತೆರಡು ವರ್ಷ ನಿಮ್ಮ ಗೌರಿ ನನ್ನ ಕೈಯಾಗ ಆಡಿದ ಸಕ್ರಿ ತಿಂದಾಳ. ಒಂದು ಸಲ ಆರ ಆಕಿಗೆ ಹೊಟ್ಟಿ ನೋವು ಬಂದಿತ್ತೇನ್ರಿ?"

ಆ ಕಡೆಯಿಂದ "ಹುಸೇನಮ್ಮ, ನಿನ್ನ ಬಾಯಿ ಒಂದು..." ಎಂದಷ್ಟೇ ಕೇಳಿಸಿತು.

"ಬಾಯಿ ಐತ್ರಿ. ಹಲ್ಲು ಹೋಗ್ಯಾವ" ಎಂದು ಫೋನು ಸೊಸೆಗೆ ಕೊಟ್ಟು ಹುಸೇನಮ್ಮ ಒಳಗೆ ನಡೆದರು. ಯಮುನಾಬಾಯಿ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಭರಮಮ್ಮ ಸುಣ್ಣದ ಸಾಲನ್ನು ಒರೆಸಲಿಲ್ಲ.

ನಾಲ್ಕನೆಯ ದಿನ ನಸುಕಿನಲ್ಲಿ ಡ್ರಮ್ಮಿನಿಂದ ಎತ್ತಿದಾಗ ಅಚ್ಚುಗಳು ಕಲ್ಲಿನಷ್ಟು ಭಾರ. ಹಗ್ಗ ಬಿಗಿದು ಸಾಲಾಗಿ ನಿಲ್ಲಿಸುತ್ತ ಭರಮಮ್ಮ ಎಣಿಸುತ್ತಾರೆ. ಮನೆಯ ಅಚ್ಚು ಅರವತ್ನಾಲ್ಕು. ಎಣಿಕೆ ಅರವತ್ತೈದಕ್ಕೆ ನಿಲ್ಲುತ್ತದೆ. ಮನೆಯ ಅಚ್ಚಿಗೆಲ್ಲ ಬುಡದಲ್ಲಿ ಕಾಸಿದ ಕಬ್ಬಿಣದ ಗುರುತಿದೆ. ಈ ಒಂದು ತುಳಸಿಕಟ್ಟೆಯ ಅಚ್ಚಿಗೆ ಮಾತ್ರ ಬುಡದಲ್ಲಿ ಹಿತ್ತಾಳೆಯ ಸಣ್ಣ ಮೊಳೆ.

"ಕಂಪ್ಲಿ ಉಚ್ಚೆಂಗಪ್ಪಂದು ಅದು," ಹುಸೇನಮ್ಮ ಬೆರಳಾಡಿಸಿಯೇ ಹೇಳಿದರು. "ನಮ್ಮ ತುಳಸಿಕಟ್ಟಿ ಸೀಳಿತ್ತಲ್ಲ, ಹ್ವಾದ ವರ್ಷ ಇಸ್ಕೊಂಡು ಬಂದಿದ್ದ ಅವ್ನು. ಹುಣ್ಣಿವಿ ಮುಗದ ಮ್ಯಾಲ ಕೊಡ್ತೀನಿ ಅಂದಿದ್ದ. ಆ ಮುದುಕ ಉಟ್ಟ ಧೋತರ ಕೊಟ್ಟಾನು, ಅಚ್ಚು ಕೊಡಾಂವಲ್ಲ. ಇವ್ನಿಗೆ ಹೆಂಗ ಕೊಟ್ಟನೋ."

ವೈಷ್ಣವರ ತಟ್ಟೆಗೆ ತುಳಸಿಕಟ್ಟೆ ಇಲ್ಲದಿದ್ದರೆ ನಡೆಯದು. ಭರಮಮ್ಮ ಅದನ್ನೂ ಸಾಲಿನಲ್ಲಿ ನಿಲ್ಲಿಸಿದರು. ಪಾಕ ಕುದಿಯಿತು. ಸಪ್ಪಳ ದಪ್ಪವಾಯಿತು. ಅವರು ಇಳಿಸಲಿಲ್ಲ, ಇನ್ನೊಂದು ಕುದಿ ಕಾದರು. ತಿಕ್ಕಿದರು, ಎರೆದರು. ಹತ್ತು ನಿಮಿಷದ ಮೇಲೆ ಮೊದಲ ಹಗ್ಗ ಬಿಚ್ಚಿದಾಗ ಆನೆ ಸೊಂಡಿಲು ಎತ್ತಿಕೊಂಡೇ ಹೊರಬಂತು. ಹುಸೇನಮ್ಮ ಅದನ್ನು ಇಸಿದುಕೊಂಡು, ಅಂಚು ಹೆರೆಯಲು ಕೂತರು.

ಅಲ್ಲಿಂದ ಐದು ದಿನ ನಾಲ್ಕೂವರೆಗೆ ಒಲೆ, ಮಧ್ಯಾಹ್ನ ಒಂದರವರೆಗೆ ಪಾಕ. ದಿನಕ್ಕೆ ಇಪ್ಪತ್ತೆರಡು ಬಾಣಲೆ, ನೂರ ಅರವತ್ತು ಗೊಂಬೆಯ ಆಸುಪಾಸು. ಭರಮಮ್ಮನವರ ಬಲಗೈ ಹೆಬ್ಬೆರಳಿನಿಂದ ಮುಂಗೈವರೆಗೆ ಪಾಕ ಸಿಡಿದ ಸುಟ್ಟ ಗುರುತುಗಳಿವೆ. ಅದನ್ನು ತೋರಿಸಿದರೆ ನಾಚಿಕೊಳ್ಳುತ್ತಾರೆ. "ಹೋಳಿಗಿ ಹಂಚು ಸುಡತೈತಿ, ಬಿಡತೈತಿ. ಇದು ಅಂಟ್ಕೊಂಡು ಸುಡತೈತ್ರಿ. ಭಾಳ ಸಿಟ್ಟಿಂದು." ಗೊಂಬೆಗಳನ್ನು ಸಾಲಾಗಿ ಜೋಡಿಸಿದ ಪಡಸಾಲೆಯಲ್ಲಿ ನಿಂತು ನೋಡುವಾಗ ಮಾತ್ರ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ನಲವತ್ಮೂರು ಮನೆಗಳಲ್ಲಿ ಒಂಬತ್ತು ಮನೆಯವರು ಬರಲೇ ಇಲ್ಲ. ಕಾರಣ ಹೇಳಿ ಕಳಿಸಲೂ ಇಲ್ಲ. "ಅವರ ಮನಿ, ಅವರ ಗೌರಿ. ಬೈಯೋದೇನೈತ್ರಿ ಅದರಾಗ" ಎನ್ನುತ್ತಾರೆ ಭರಮಮ್ಮ. ಆ ಒಂಬತ್ತು ಮನೆಯ ಗೊಂಬೆಗಳು ಓಣಿಯ ಹೆಣ್ಣುಮಕ್ಕಳ ತಟ್ಟೆ ಸೇರಿವೆ.

ಯಮುನಾಬಾಯಿ ತ್ರಯೋದಶಿಯ ದಿನ ಬಂದರು. ಮಗನನ್ನು ಕಳಿಸಲಿಲ್ಲ, ಅವನ ಬೈಕಿನ ಹಿಂದೆ ತಾವೇ ಕೂತು ಬಂದರು. ಅಚ್ಯುತ ಬಾಗಿಲಲ್ಲೇ ನಿಂತ. ಅವರು ತುಳಸಿಕಟ್ಟೆಯೊಂದನ್ನು ಎತ್ತಿ, ತಿರುಗಿಸಿ, ಹೆರೆಯದೆ ಉಳಿದ ಉಬ್ಬು ಹುಡುಕಿದರು. ಸಿಗಲಿಲ್ಲ.

"ಈ ಸಲ ಸ್ವಲ್ಪ ಸಣ್ಣದಾಗ್ಯಾವಲ್ಲ?"

"ಅಚ್ಚು ಅವಾ ಅದಾವ್ರಿ," ಮಗ್ಗಲಲ್ಲೇ ಅಂಚು ಹೆರೆಯುತ್ತಿದ್ದ ಹುಸೇನಮ್ಮ. "ಬೀಗರು ದೊಡ್ಡೋರು ಸಿಕ್ಕಾರ, ಅದಕ್ಕ ನಿಮಗ ಹಂಗ ಕಾಣಸ್ತಾವ."

ಬಾಗಿಲಲ್ಲಿದ್ದ ಮದುಮಗ ನಕ್ಕುಬಿಟ್ಟ. ಯಮುನಾಬಾಯಿ ನಗು ತಡೆದುಕೊಂಡು ಭರಮಮ್ಮನವರ ಸುಟ್ಟ ಕೈಯನ್ನು ನೋಡಿದರು. "ಅವತ್ತು ಅಂಥಾ ಮಾತು ಆಡಬಾರದಾಗಿತ್ತು ನಾನು" ಎಂದರು. ಆಮೇಲೆ, "ಎರಡು ಹಾಕು. ಹನ್ನೊಂದರದು ಬೀಗರಿಗೆ, ಐದರದು ನಮ್ಮ ಮನಿಗೆ. ಸಂಡೂರಿನವರು ಯಾರು ಮಾಡಿದ್ದು ಅಂತ ಕೇಳಿದ್ರ ನಿನ್ನ ಹೆಸರಾ ಹೇಳ್ತೀನಿ." ಭರಮಮ್ಮ ಹಳೆ ಪೇಪರಿನಲ್ಲಿ ಒಂದೊಂದನ್ನೇ ಸುತ್ತಿಕೊಟ್ಟರು.

ಹುಣ್ಣಿಮೆಯ ಸಂಜೆ ಓಣಿಯ ತುಂಬ ತಟ್ಟೆಗಳು, ರೇಷ್ಮೆ ಲಂಗಗಳು, ಆನೆ ಕುದುರೆಗಳ ನಡುವೆ ಉರಿಯುವ ದೀಪಗಳು. ಭರಮಮ್ಮ ಹೋಗಲಿಲ್ಲ. ಅತ್ತೆ ಸೊಸೆ ಅಡುಗೆಮನೆಯಲ್ಲಿ ಗೋದಿ ಹುಗ್ಗಿ ಬೇಯಿಸಿ, ಹೆರೆದಿಟ್ಟ ಸಕ್ಕರೆಯ ಚೂರುಗಳನ್ನು ಅದಕ್ಕೆ ಸುರಿದು, ತುಪ್ಪ ಹಾಕಿಕೊಂಡು ಉಂಡರು. ಆ ದಿನ ಊರಿನ ಗೌರಿಯನ್ನು ಕೂರಿಸಿದ ಚೌಕಿಗೆ ಹೋದ ಮುನ್ನೂರಕ್ಕೂ ಹೆಚ್ಚು ತಟ್ಟೆಗಳಲ್ಲಿ ನಲವತ್ತರ ಮೇಲೆ ಈ ಒಲೆಯಿಂದಲೇ ಹೋದವು.

ಮರುದಿನ ಬೆಳಿಗ್ಗೆ ಭರಮಮ್ಮ ಕಂಪ್ಲಿಯ ಬಸ್ಸು ಹತ್ತುತ್ತಾರೆ. ಮಡಿಲಲ್ಲಿ ಒಂದು ಕೈಚೀಲ. ಹೊರಗೆ ಬಾಳೆ ತೋಟ, ಕಬ್ಬಿನ ಗದ್ದೆ. ಚೀಲದಲ್ಲಿ ಹಿತ್ತಾಳೆ ಮೊಳೆಯ ಅಚ್ಚು, ಜೊತೆಗೆ ಹತ್ತಿಯಲ್ಲಿ ಸುತ್ತಿದ ಒಂದು ತುಳಸಿಕಟ್ಟೆ. ಇಸಿದುಕೊಂಡದ್ದನ್ನು ಬರಿದಾಗಿ ತಿರುಗಿ ಕೊಡುವ ಪದ್ಧತಿ ಇಲ್ಲ.

ಉಚ್ಚೆಂಗಪ್ಪನವರಿಗೆ ಎಂಬತ್ತರ ಹತ್ತಿರ. ಕೈ ನಡುಕ ಬಂದು ಪಾಕ ಬಿಟ್ಟು ಆರು ವರ್ಷ. ಯಲ್ಲೇಶ್‌ಗೆ ಈ ಕೆಲಸ ತಿದ್ದಿದವರು ಅವರೇ. ಸಾವಿಗೆ ಬಂದು ಹೋಗಿದ್ದರು. "ಕುಂದ್ರವ್ವ" ಎಂದವರು ಮೊದಲು ಅಚ್ಚನ್ನೇ ತೆಗೆದುಕೊಂಡರು. ಒಳಗೆಲ್ಲ ಹೆಬ್ಬೆರಳಾಡಿಸಿ ಸಕ್ಕರೆ ಉಳಿದಿದೆಯೇ ನೋಡಿದರು. ಉಳಿದಿರಲಿಲ್ಲ. ಹತ್ತಿ ಬಿಡಿಸಿ ತುಳಸಿಕಟ್ಟೆಯನ್ನು ಬೆಳಕಿಗೆ ಹಿಡಿದರು. ಉಗುರಿನಿಂದ ತಟ್ಟಿದರು. ಗಾಜಿನ ಬಳೆಯಂತೆ ಸದ್ದಾಯಿತು.

"ಯಲ್ಲೇಶ ಅವಸರಗೇಡಿ. ಒಂದು ಕುದಿ ಮೊದಲಾ ಇಳಸ್ತಿದ್ದ. ಎಷ್ಟು ಬೈದ್ರೂ ಅಷ್ಟ. ಈ ಪಾಕ ಯಾರು ಕಾಸಿದ್ದು?"

"ನಾನ್ರೀ ತಾತ."

ಮುದುಕರು ಇನ್ನೊಮ್ಮೆ ತಟ್ಟಿ ನೋಡಿದರು. ಆಮೇಲೆ ಅಚ್ಚನ್ನು ಭರಮಮ್ಮನವರ ಕಡೆಗೇ ಸರಿಸಿದರು. "ಇಟ್ಕೊಂಡುಬಿಡು. ನನಗಿನ್ನೇನು ಮಾಡೋದೈತಿ ಇದರಿಂದ."

ಭರಮಮ್ಮ ಅದನ್ನು ಮತ್ತೆ ಎತ್ತಿ, ಅವರ ಎರಡೂ ಕೈಯಲ್ಲಿಟ್ಟರು.

"ಬ್ಯಾಡ್ರಿ ತಾತ. ಅವರು ಇಸ್ಕೊಂಡಿದ್ದು ಇವತ್ತಿಗೆ ಮುಟ್ಟಿತು. ಬರೋ ವರ್ಷ ದೀಪಾವಳಿ ಪಾಡ್ಯಕ್ಕ ನಾನ ಬರ್ತೀನಿ. ಆವಾಗ ನನ್ನ ಹೆಸರ್ಲೆ ಕೇಳ್ತೀನಿ. ಆವಾಗ ಕೊಡ್ರಿ."